ಗೃಹವಿದ್ಯುತ್ ಕೆಲಸವೆಂಬ ಕಾಯಕ: ಕಲಿಯುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳ ಜಗಲಿಯ ಮೇಲೆ ಒಂದೇ ಚರ್ಚೆ ನಡೆಯುತ್ತದೆ. ಹುಡುಗನನ್ನು ಮುಂದೆ ಏನು ಓದಿಸುವುದು? ಅಂಕಗಳು ಹೆಚ್ಚಿದ್ದರೆ ವಿಜ್ಞಾನ, ತರುವಾಯ ಇಂಜಿನಿಯರಿಂಗ್, ಅಷ್ಟಿಲ್ಲವಾದರೆ ವಾಣಿಜ್ಯ, ಅದೂ ಆಗದಿದ್ದರೆ “ತೋಟವಂತೂ ಇದ್ದೇ ಇದೆ” ಎಂಬ ಸಮಾಧಾನ. ಈ ಮೂರರ ನಡುವೆ, ಮನೆಗಳಿಗೆ ವಿದ್ಯುತ್ ಜೋಡಣೆ ಮಾಡುವ ಕೆಲಸವನ್ನು ಶಾಸ್ತ್ರೀಯವಾಗಿ ಕಲಿತು ಸ್ವತಂತ್ರವಾಗಿ ಬದುಕುವ ಮಾರ್ಗವೊಂದು ಉಂಟು ಎಂಬುದು ಬಹುಮಂದಿಗೆ ತೋಚುವುದಿಲ್ಲ. ತೋಚಿದರೂ ಹೇಳಲು ಸಂಕೋಚ. ಅದು ಎಂಥ ಮಾರ್ಗ, ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ತೋಟವಿದೆ ಎಂಬ ಧೈರ್ಯವನ್ನು ಮೊದಲು ಪರಿಶೀಲಿಸೋಣ. ನಾಲ್ಕು ಎಕರೆಯ ತೆಂಗು ಇಬ್ಬರು ಮಕ್ಕಳಿಗೆ ಹಂಚಿಹೋದರೆ ಒಬ್ಬೊಬ್ಬನಿಗೆ ಎರಡೇ ಎಕರೆ. ಮರದಿಂದಿಳಿದ ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಿ ಉಂಡೆ ಕೊಬ್ಬರಿಯಾದ ಮೇಲೆಯೇ ತಿಪಟೂರಿನ ಮಾರುಕಟ್ಟೆಯ ಮುಖ ಕಾಣಬೇಕು. ಅಲ್ಲಿನ ಧಾರಣೆ ಯಾರ ಅಂಕೆಯಲ್ಲಿಯೂ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ಗೊತ್ತುಪಡಿಸಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗಳನ್ನು ದಾಟಿತು. ಇಂಥ ಏರಿಳಿತದ ಪಕ್ಕದಲ್ಲಿ ಕೈಕಸುಬೊಂದಿದ್ದರೆ ಮನೆ ನಿಲ್ಲುತ್ತದೆ. ತೋಟವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಎರಡೂ ಜೊತೆಗೆ ನಡೆಯಬಲ್ಲವು ಎಂಬುದೇ ನಮ್ಮ ಸೀಮೆಯಲ್ಲಿ ಈ ವೃತ್ತಿಗಿರುವ ವಿಶೇಷ ಅನುಕೂಲ.

ಶಿವನಸಮುದ್ರದಲ್ಲಿ ವಿದ್ಯುತ್ತು ಉತ್ಪತ್ತಿಯಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಹಳ್ಳಿಗಳಿಗೆ ಬಂದದ್ದು ಎಷ್ಟೋ ದಶಕಗಳ ತರುವಾಯ. ಮನೆಗೊಂದು ಬಲ್ಬು, ಹೆಚ್ಚೆಂದರೆ ಒಂದು ರೇಡಿಯೋ, ಇಷ್ಟಕ್ಕಾಗಿ ಅಂದು ಮರದ ಪಟ್ಟಿಯ ಮೇಲೆ ಎಳೆದ ತಂತಿ ಇಂದಿಗೂ ಎಷ್ಟೋ ತೊಟ್ಟಿಮನೆಗಳಲ್ಲಿ ಉಳಿದಿದೆ. ಆ ತಂತಿಯ ಮೇಲೆಯೇ ಇಂದು ಫ್ರಿಜ್ಜು, ಮಿಕ್ಸಿ, ನೀರು ಕಾಯಿಸುವ ಗೀಸರ್, ಕೊಳವೆಬಾವಿಯ ಮೋಟಾರು, ಯುಪಿಎಸ್ ಎಲ್ಲವೂ ಹೊರೆ ಹೇರಿವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು 200 ಯೂನಿಟ್ಟುಗಳ ಮಿತಿಯೊಳಗೆ ಬಿಲ್ಲಿನ ಭಯ ಕಡಿಮೆಯಾಯಿತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಿಂದ ಚಾವಣಿಯ ಸೌರಫಲಕಗಳ ಕೆಲಸವೂ ಸೇರಿಕೊಂಡಿತು. ಕೆಲಸವಿದೆಯೇ ಎಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲ.

ಆದರೆ ಕೆಲಸವೆಂದರೆ ಏನು? ತಂತಿ ಸಿಕ್ಕಿಸಿ ದೀಪ ಹತ್ತಿಸುವುದು ಒಂದು ವಾರದಲ್ಲಿ ಯಾರಿಗಾದರೂ ಬರುತ್ತದೆ. ದೀಪ ಹತ್ತಿದ್ದರಿಂದ ಜೋಡಣೆ ಸರಿಯಾಗಿದೆ ಎಂದು ತಿಳಿಯುವುದೇ ಈ ವೃತ್ತಿಯ ಮೊದಲ ಮೋಸ. ಭೂಸಂಪರ್ಕದ ತಂತಿಯನ್ನು ಪೂರ್ತಿ ಕೈಬಿಟ್ಟರೂ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಮನೆಯೊಡೆಯ ಸಂತೋಷದಿಂದ ಹಣ ಕೊಡುತ್ತಾನೆ. ಎಂದೋ ಒಂದು ದಿನ ಗೀಸರಿನ ಒಳಗಣ ತಂತಿಯ ಹೊದಿಕೆ ಸವೆದು ಲೋಹದ ಮೈಗೆ 230 ವೋಲ್ಟು ಹರಿದಾಗ, ನೆಲಕ್ಕೆ ಇಳಿಯಲು ಬೇರೆ ದಾರಿಯಿಲ್ಲದೆ ಒದ್ದೆ ಕೈಯಿಂದ ಮುಟ್ಟಿದವರ ದೇಹದ ಮೂಲಕ ಅದು ಇಳಿಯುತ್ತದೆ. ಎಂಸಿಬಿ ಎಂಬ ಸ್ವಿಚ್ಚು ಹೊರೆ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ಬೀಳುತ್ತದೆಯೇ ಹೊರತು ಒಬ್ಬ ಮನುಷ್ಯನ ಮೈಯಲ್ಲಿ ಹರಿಯುವ ಅಲ್ಪ ಪ್ರವಾಹಕ್ಕೆ ಬೀಳುವುದಿಲ್ಲ. ಅದಕ್ಕೆ 30 ಮಿಲಿಆಂಪಿಯರ್ ಸೋರಿಕೆಯನ್ನು ಗುರುತಿಸುವ ಬೇರೆಯೇ ಸಾಧನ ಬೇಕು. ಈ ವ್ಯತ್ಯಾಸವನ್ನು ಗಿರಾಕಿಗೆ ತಿಳಿಯಹೇಳಿ, ಅದರ ಬೆಲೆಗೆ ಒಪ್ಪಿಸುವುದು ತಂತಿ ಎಳೆಯುವುದಕ್ಕಿಂತ ಕಷ್ಟ.

ನಮ್ಮ ಸೀಮೆಗೆ ಮಾತ್ರ ಸೇರಿದ ಅಪಾಯಗಳೂ ಉಂಟು. ಇವು ಯಾವ ಪಠ್ಯಪುಸ್ತಕದಲ್ಲಿಯೂ ಸುಲಭವಾಗಿ ಸಿಕ್ಕವು. ಮೊದಲನೆಯದು ಕೊಬ್ಬರಿ ಅಟ್ಟ. ಒಣಗಿದ ಕಾಯಿ, ಸಿಪ್ಪೆಯ ನಾರು, ಎಣ್ಣೆಯಂಶದ ಕೊಬ್ಬರಿ ಇವು ಕಿಡಿಗಾಗಿ ಕಾದಿರುವ ವಸ್ತುಗಳು. ಇಲಿಗಳ ಸಂಸಾರವೂ ಅಲ್ಲಿಯೇ. ಅಟ್ಟದ ಮೇಲೆ ಬಿಡಿ ತಂತಿ ಹಾಯಿಸುವುದು, ಅದಕ್ಕೂ ಮಿಗಿಲಾಗಿ ಅಲ್ಲಿ ತಂತಿಗೆ ಗಂಟು ಹಾಕಿ ಟೇಪು ಸುತ್ತುವುದು, ವರ್ಷದ ಆದಾಯದ ನಡುವೆ ಬೆಂಕಿ ಇಟ್ಟಂತೆ. ತಂತಿ ಕೊಳವೆಯೊಳಗೆ ಹೋಗಬೇಕು. ಜೋಡಣೆ ಅಟ್ಟದ ಹೊರಗೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇರಬೇಕು. ಎರಡನೆಯದು ಬೇಸಿಗೆಯ ಒಣ ನೆಲ. ಕಲ್ಲುಮಿಶ್ರಿತ ಕೆಂಪು ಭೂಮಿ ಏಪ್ರಿಲ್ ತಿಂಗಳಲ್ಲಿ ತೇವ ಕಳೆದುಕೊಂಡಾಗ ಭೂಸಂಪರ್ಕದ ಗುಂಡಿ ಇದ್ದೂ ಇಲ್ಲದಂತಾಗುತ್ತದೆ. ಇದ್ದಲು, ಉಪ್ಪು ತುಂಬಿ ಮರೆತುಬಿಟ್ಟರೆ ಸಾಲದು, ನೀರು ಹಾಕುತ್ತಿರಬೇಕು. ಮೂರನೆಯದು ತೀರ ಸಾಮಾನ್ಯವಾದದ್ದು. ಕಂಬದಿಂದ ಮನೆಗೆ ಬರುವ ತಂತಿಗೆ ಆಧಾರವಾದ ಕಬ್ಬಿಣದ ಸರಿಗೆಗೋ ಕೊಳವೆಗೋ ಬಟ್ಟೆ ಒಣಗಿಸುವ ತಂತಿಯನ್ನು ಕಟ್ಟುವುದು. ತೆಂಗಿನ ಗರಿ ಬಿದ್ದು, ಗಾಳಿಗೆ ತಿಕ್ಕಿ ಮೇಲಿನ ಹೊದಿಕೆ ಹರಿದ ದಿನ ಬಟ್ಟೆ ಹರವಲು ಹೋದ ಹೆಣ್ಣುಮಗಳ ಪ್ರಾಣಕ್ಕೇ ಅದು ಕುತ್ತು. ಕರೆದ ಕೆಲಸ ಯಾವುದೇ ಇರಲಿ, ಬಲ್ಲವನು ಮನೆಯ ಅಂಗಳದಲ್ಲಿ ಮೊದಲು ನೋಡಬೇಕಾದದ್ದು ಆ ತಂತಿಯನ್ನು.

ಇನ್ನು ಕಾನೂನು. ಬಲ್ಬು, ಫ್ಯೂಸು, ಸ್ವಿಚ್ಚು, ಫ್ಯಾನುಗಳನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟರೆ, ಹೊಸ ಜೋಡಣೆಯನ್ನಾಗಲಿ ವಿಸ್ತರಣೆಯನ್ನಾಗಲಿ ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ, ಅರ್ಹತಾಪತ್ರವುಳ್ಳ ಮೇಲ್ವಿಚಾರಕನ ಕಣ್ಣೆದುರಿನಲ್ಲಿ, ಪರ್ಮಿಟ್ ಉಳ್ಳ ಕೆಲಸಗಾರನೇ ಮಾಡತಕ್ಕದ್ದು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿದ್ದ ಈ ತತ್ತ್ವ 2003ರ ಕಾಯಿದೆಯ ಬಳಿಕ ಬಂದ ಸುರಕ್ಷತಾ ನಿಯಮಾವಳಿಗಳಲ್ಲಿಯೂ ಮುಂದುವರಿದಿದೆ. ಕರ್ನಾಟಕದಲ್ಲಿ ಈ ಪತ್ರಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ತುಮಕೂರು ಜಿಲ್ಲೆಗೆ ವಿದ್ಯುತ್ ಪೂರೈಸುವ ಬೆಸ್ಕಾಂನಿಂದ ಹೊಸ ಸಂಪರ್ಕ ಪಡೆಯಬೇಕಾದರೆ ಪರವಾನಗಿದಾರನ ಸಹಿಯುಳ್ಳ ವರದಿ ಅವಶ್ಯ. ಪರವಾನಗಿಯಿಲ್ಲದೆ ಕೆಲಸ ಮಾಡಿ, ಬೇರೊಬ್ಬರ ಸಹಿಯನ್ನು ಹಣಕ್ಕೆ ಎರವಲು ತರುವ ಪದ್ಧತಿ ಕೆಲವೆಡೆ ಇದೆ. ಸಹಿ ಹಾಕಿದವನು ಮನೆಯನ್ನು ಕಂಡಿರುವುದಿಲ್ಲ; ಕೆಲಸ ಮಾಡಿದವನ ಹೆಸರು ಕಾಗದದಲ್ಲಿರುವುದಿಲ್ಲ. ಅನಾಹುತವಾದಾಗ ಆ ಮನೆಯವರು ಯಾರನ್ನು ಕೇಳಬೇಕು? ಸ್ವತಂತ್ರವಾಗಿ ನಿಲ್ಲಬೇಕೆನ್ನುವವನು ತನ್ನ ಸಹಿಯನ್ನು ತಾನೇ ಹಾಕುವ ಮಟ್ಟಕ್ಕೆ ಬರುವವರೆಗೆ ಸ್ವತಂತ್ರನಲ್ಲ ಎಂದೇ ನನ್ನ ಅಭಿಪ್ರಾಯ.

ಕಲಿಯುವ ದಾರಿಗಳು ಮುಖ್ಯವಾಗಿ ಮೂರು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಯ ಎರಡು ವರ್ಷಗಳ ಶಿಕ್ಷಣ, ಅದರ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಅನ್ವಯ ಶಿಷ್ಯವೇತನದೊಂದಿಗೆ ಅಭ್ಯಾಸ: ಇದು ರಾಜಮಾರ್ಗ. ಹತ್ತನೆಯ ತರಗತಿಯಲ್ಲಿ ಗಣಿತ, ವಿಜ್ಞಾನ ಕಲಿತವನಿಗೆ ಇದು ದುಸ್ಸಾಧ್ಯವಲ್ಲ. ವಯಸ್ಸು ಮೀರಿದವರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ ವಸತಿ ಸಹಿತವಾದ ಉಚಿತ ಅಲ್ಪಾವಧಿ ತರಬೇತಿ ಇದೆ. ಮನೆ ವೈರಿಂಗ್ ಅಲ್ಲದೆ ಮೋಟಾರು ರೀವೈಂಡಿಂಗನ್ನೂ ಕಲಿಸುತ್ತಾರೆ. ಆರಂಭಕ್ಕೆ ಒಳ್ಳೆಯದು, ಆದರೆ ಒಂದು ತಿಂಗಳ ಪ್ರಮಾಣಪತ್ರವನ್ನು ಪರ್ಮಿಟ್ ಎಂದು ಭ್ರಮಿಸಬಾರದು. ಮೂರನೆಯದು ಅನುಭವಿಯೊಬ್ಬನ ಕೈಕೆಳಗೆ ಸೇರುವುದು. ಇದರಲ್ಲಿ ಕೈ ಚುರುಕಾಗುತ್ತದೆ. ಕಾರಣ ತಿಳಿಯುವುದು ಗುರುವಿಗೆ ಕಾರಣ ತಿಳಿದಿದ್ದರೆ ಮಾತ್ರ. ಸಂಸ್ಥೆಯಲ್ಲಿ ಕಲಿತು, ಬಳಿಕ ಎರಡು ಮೂರು ವರ್ಷ ಗುತ್ತಿಗೆದಾರನೊಬ್ಬನ ಬಳಿ ದುಡಿದು ಆಮೇಲೆ ಬೇರೆ ನಿಲ್ಲುವುದು ಉಚಿತ.

ಆದಾಯದ ಲೆಕ್ಕವನ್ನು ಬಣ್ಣ ಕಟ್ಟದೆ ಹಾಕಬೇಕು. ದಿನಗೂಲಿ 800 ರೂಪಾಯಿ ಎಂದು ಊಹಿಸಿಕೊಳ್ಳೋಣ. ತಿಂಗಳಿಗೆ 30 ದಿನದಿಂದ ಗುಣಿಸಿ 24,000 ಎಂದು ಹಿಗ್ಗುವುದು ಹುಡುಗರ ಸ್ವಭಾವ. ನಿಜವಾಗಿ ಕೂಲಿ ಹುಟ್ಟುವುದು 18 ದಿನವೆಂದರೆ 14,400. ಅದರಲ್ಲಿ ಪೆಟ್ರೋಲು, ಉಪಕರಣ, ದೂರವಾಣಿ ಕಳೆಯಬೇಕು. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಸಾಲ. “ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ” ಎಂಬುದು ನಮ್ಮಲ್ಲಿ ಸುಳ್ಳಲ್ಲ, ಪ್ರಾಮಾಣಿಕವಾದ ಮಾತೇ. ಆದರೆ ಕಾಯಿ ಇನ್ನೂ ಅಟ್ಟದ ಮೇಲಿರುತ್ತದೆ, ಧಾರಣೆ ಏರಲೆಂದು ಯಜಮಾನ ಕಾಯುತ್ತಿರುತ್ತಾನೆ. ಅಷ್ಟರಲ್ಲಿ ತಂತಿ, ಪೆಟ್ಟಿಗೆಗಳನ್ನು ತನ್ನ ಖಾತೆಯಲ್ಲಿ ತಂದ ಯುವಕ ಅಂಗಡಿಯವನಿಗೆ ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ. ಆದ್ದರಿಂದ ಸಾಮಗ್ರಿಯನ್ನು ಮನೆಯವರೇ ತರಲಿ, ತಾನು ಪಟ್ಟಿ ಬರೆದುಕೊಟ್ಟು ಕೂಲಿಯನ್ನು ಮಾತ್ರ ಪಡೆಯಲಿ. ಸಾಮಗ್ರಿಯಲ್ಲಿ ಸಿಗುವ ಕಮಿಷನ್ನು ಹೋಯಿತೆಂದು ಕೊರಗಬೇಕಾಗಿಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮಕ್ಕಳು ಕೇಳಿಯೇ ಬೆಳೆದಿದ್ದಾರೆ.

ಸ್ವತಂತ್ರ ವೃತ್ತಿಯವನಿಗೆ ಭವಿಷ್ಯನಿಧಿಯಿಲ್ಲ, ರಜೆಯ ಸಂಬಳವಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಕಟ್ಟಡಗಳ ವಿದ್ಯುತ್ ಕೆಲಸಗಾರನೂ ಅರ್ಹ. ವರ್ಷಕ್ಕೆ 20 ರೂಪಾಯಿಗಳ ಪ್ರಧಾನಮಂತ್ರಿ ಸುರಕ್ಷಾ ವಿಮೆ 2 ಲಕ್ಷದ ಅಪಘಾತ ರಕ್ಷಣೆ ಕೊಡುತ್ತದೆ. ಇವನ್ನು ಮೊದಲ ತಿಂಗಳಲ್ಲೇ ಮಾಡಿಸಿಕೊಳ್ಳಬೇಕು.

ಮತ್ತೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ರಾತ್ರಿ ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದಾಗ, ತೋಟಕ್ಕೆ ನೀರು ನಿಂತಾಗ, ಊರವರು ಲೈನ್‌ಮನ್ನನ್ನು ಕಾಯದೆ “ನಮ್ಮ ಹುಡುಗನೇ ಇದ್ದಾನಲ್ಲ” ಎಂದು ಕರೆಯುತ್ತಾರೆ. ಹೊಗಳಿಕೆಗೆ ಉಬ್ಬಿ ಕಂಬ ಹತ್ತಿದವರಲ್ಲಿ ಹಿಂದಿರುಗಿ ಇಳಿಯದವರೂ ಉಂಟು. ಮೀಟರಿನಿಂದ ಒಳಗೆ ಮಾತ್ರ ತನ್ನ ಕೆಲಸ, ಅದರಾಚೆಗೆ ಒಂದು ಅಂಗುಲವೂ ಅಲ್ಲ. ಚಿಕ್ಕಪ್ಪನೇ ಬಂದು ಕರೆದರೂ ಇಲ್ಲವೆನ್ನುವ ಗಟ್ಟಿತನ ಇಲ್ಲದವನು ಈ ವೃತ್ತಿಗೆ ಬರಬಾರದು. ಅಂತೆಯೇ ಕೆಂಪು, ಹಸಿರುಗಳ ಭೇದ ಕಾಣದವರು, ಅವಸರದ ಸ್ವಭಾವದವರು ಬೇರೆ ದಾರಿ ಹಿಡಿಯುವುದು ಲೇಸು.

ಸಂಕೋಚದ ವಿಚಾರವನ್ನು ಆರಂಭದಲ್ಲಿ ಪ್ರಸ್ತಾಪಿಸಿದೆ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನನ್ನು ನಾವು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಮಗ ಇಕ್ಕಳ ಹಿಡಿದು ನೆರೆಮನೆಯ ಏಣಿ ಹತ್ತಿದರೆ ಸಂಬಂಧ ಬೆಳೆಸುವವರು ಏನೆಂದಾರು ಎಂದು ಅಳುಕುತ್ತೇವೆ. ನಾಲ್ಕು ವರ್ಷ ಸಾಲದಲ್ಲಿ ಓದಿ, ಬೆಂಗಳೂರಿನ ಬಾಡಿಗೆಗೂ ಸಾಲದ ಸಂಬಳಕ್ಕೆ ದುಡಿಯುವ ಪದವೀಧರರ ತಂದೆಯರೂ ಇದೇ ಅಳುಕಿನವರು.

ಉಪಾಧ್ಯಾಯರು ಎಂಟನೆಯ ತರಗತಿಯ ವಿದ್ಯುತ್ ಪಾಠವನ್ನು ಕಪ್ಪುಹಲಗೆಯ ಮೇಲೆ ಮುಗಿಸದೆ ಮಕ್ಕಳನ್ನು ಶಾಲೆಯ ಮೀಟರ್ ಫಲಕದ ಎದುರಿಗೆ ಕರೆದೊಯ್ಯಲಿ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ, ಬೇಸಿಗೆ ರಜೆ ಮುಗಿಯುವ ಮುನ್ನ, ಶಾಲೆಯ ಮತ್ತು ವಿದ್ಯಾರ್ಥಿನಿಲಯದ ಜೋಡಣೆಯನ್ನು ಪರೀಕ್ಷಿಸಿಕೊಡಲಿ. ಮೇಲಿನ ತರಗತಿಯ ಹುಡುಗರು ಜೊತೆಗಿದ್ದು ನೋಡಲಿ. ದಾನಿಗಳು ಗೋಡೆ ಗಡಿಯಾರ, ಬೀರುಗಳ ಬದಲು ಭೂಸಂಪರ್ಕ ಅಳೆಯುವ ಒಂದು ಉಪಕರಣವನ್ನು ಕೊಡಿಸಿದರೆ ಆ ಪರೀಕ್ಷೆಯನ್ನು ಈ ಬೇಸಿಗೆಯಿಂದಲೇ ಆರಂಭಿಸಬಹುದು.