ಬೆಟ್ಟವನ್ನು ನಿಲ್ಲಿಸುವ ವಿದ್ಯೆ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಸಾಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತ ಎಳೆಯ ಮಗುವಿಗೆ, ಹತ್ತಿರದ ಹೊಲಗಳೆಲ್ಲ ಹಿಂದಕ್ಕೆ ಓಡುತ್ತಿರುವಾಗಲೂ ದಿಗಂತದ ಬೆಟ್ಟಸಾಲು ಮಾತ್ರ ತನ್ನೊಡನೆಯೇ ಬರುತ್ತಿರುವಂತೆ ತೋರುವುದುಂಟು. ಚಂದ್ರನು ತಮ್ಮನ್ನು ಹಿಂಬಾಲಿಸುತ್ತಾನೆಂದು ಮಕ್ಕಳು ನಂಬುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆಯವರು 1926ರಲ್ಲಿಯೇ ಬರೆದಿದ್ದರು. ಬೆಟ್ಟವನ್ನು ಅದರ ನೆಲೆಯಲ್ಲಿ ನಿಲ್ಲಿಸಿ, ಚಲನೆಯು ತನ್ನದೆಂದು ಒಪ್ಪಿಕೊಳ್ಳುವುದು ಮಗುವು ವರ್ಷಗಳ ಸಾಧನೆಯಿಂದ ಗಳಿಸುವ ವಿದ್ಯೆ.

ಈ ಸಾಧನೆಯ ಮೊದಲ ಘಟ್ಟ ಸ್ಥಾನಜ್ಞಾನ. ಪಿಯಾಜೆಯವರು ಕಂಡಂತೆ, ತನ್ನ ಎಡಬಲಗಳನ್ನು ಸುಮಾರು 5ನೆಯ ವಯಸ್ಸಿಗೆ ಅರಿಯುವ ಮಗು, ಎದುರು ನಿಂತವರ ಎಡಬಲಗಳನ್ನು 8ರ ಸುಮಾರಿಗೆ ಹೇಳಬಲ್ಲುದು. ಸಾಲಾಗಿಟ್ಟ ಮೂರು ವಸ್ತುಗಳ ಪರಸ್ಪರ ಎಡಬಲಗಳು ತಿಳಿಯಲು 11 ತುಂಬಬೇಕು. 1948ರಲ್ಲಿ ಅವರೂ ಅವರ ಸಹೋದ್ಯೋಗಿ ಬಾರ್ಬೆಲ್ ಇನ್‌ಹೆಲ್ಡರ್ ಅವರೂ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ಬೆಟ್ಟಗಳ ಪ್ರತಿಕೃತಿಯ ಆಚೆ ಬದಿಯ ಬೊಂಬೆಗೆ ಕಾಣುವ ನೋಟವಾವುದೆಂದು ಕೇಳಿದರೆ, ಚಿಕ್ಕವರು ತಮಗೆ ಕಂಡ ನೋಟವನ್ನೇ ತೋರಿಸಿದರು. ಆದರೆ ಪರಿಚಿತ ವಸ್ತುಗಳ ದೃಶ್ಯವನ್ನು ತಿರುಗುವ ಹಲಗೆಯ ಮೇಲಿಟ್ಟು ಕೇಳಿದಾಗ 3–4 ವರ್ಷದವರೂ ಬಹುಮಟ್ಟಿಗೆ ಸರಿಯಾಗಿ ತೋರಿಸುವರೆಂದು ಮನೋವಿಜ್ಞಾನಿ ಹೆಲೆನ್ ಬೋರ್ಕೆ 1975ರಲ್ಲಿ ತಿಳಿಸಿದರು.

ಸ್ಥಾನವನ್ನು ಗುರುತಿಸಲು ಎಡಬಲಗಳೇ ಏಕೈಕ ಮಾರ್ಗವೂ ಅಲ್ಲ. ನೆರೆಯ ತಮಿಳುನಾಡಿನ ಹಳ್ಳಿಗರು ಕೈಯಳತೆಯ ವಸ್ತುಗಳನ್ನೂ ದಿಕ್ಕಿನಿಂದ ಗುರುತಿಸುವುದನ್ನು ಭಾಷಾವಿಜ್ಞಾನಿ ಎರಿಕ್ ಪೆಡರ್ಸನ್ ಕಂಡರು. ಬಾಲಿ, ನೇಪಾಳ, ವಾರಾಣಸಿಗಳ ಮಕ್ಕಳಲ್ಲಿಯೂ ಇಂಥ ರೂಢಿಯನ್ನು ಮನೋವಿಜ್ಞಾನಿಗಳಾದ ದಾಸೆನ್ ಮತ್ತು ರಮೇಶ ಮಿಶ್ರರು ಪರಿಶೀಲಿಸಿದರು. ಮೂಡಲು, ಪಡುವಲು, ತೆಂಕಲು, ಬಡಗಲು ಎಂಬ ಮಾತು ಬಳಕೆಯಲ್ಲಿರುವ ನಮ್ಮ ಸೀಮೆಯ ಮಗುವಿಗೂ ಈ ಆಧಾರ ಲಭ್ಯವಿದೆ. ಆದರೂ ಚಾಮರಾಜನಗರವೆಂಬ ಒಂದೇ ಊರು ಗುಂಡ್ಲುಪೇಟೆಗೆ ಮೂಡಲೂ, ಬಿಳಿಗಿರಿರಂಗನ ಬೆಟ್ಟಕ್ಕೆ ಪಡುವಲೂ ಹೇಗಾಗುವುದೆಂಬುದನ್ನು ಗ್ರಹಿಸಲು, ಮಗುವು ಮನಸ್ಸಿನಲ್ಲಿಯೇ ಸ್ಥಳಾಂತರಗೊಳ್ಳಬೇಕಾಗುತ್ತದೆ.

ಚಲನೆಯ ಅರಿವು ಇನ್ನೂ ತೊಡಕಿನದು. 1928ರಲ್ಲಿ ದಾವೋಸಿನಲ್ಲಿ ಐನ್‌ಸ್ಟೈನರು, ಮಗುವಿಗೆ ಮೊದಲು ಸಿದ್ಧಿಸುವುದು ಕಾಲವೋ ವೇಗವೋ ಎಂದು ಪಿಯಾಜೆಯವರನ್ನು ಕೇಳಿದರು. ಉತ್ತರವು 1946ರಲ್ಲಿ ಎರಡು ಗ್ರಂಥಗಳಾಗಿ ಬಂತು. ಅಲ್ಲಿನ ಒಂದು ಪ್ರಯೋಗದಲ್ಲಿ, ಉದ್ದವಾದ ಒಂದು ಸುರಂಗವನ್ನೂ ಗಿಡ್ಡವಾದ ಇನ್ನೊಂದನ್ನೂ ಎರಡು ಬೊಂಬೆಗಳು ಒಂದೇ ಕ್ಷಣಕ್ಕೆ ಹೊಕ್ಕು ಒಂದೇ ಕ್ಷಣಕ್ಕೆ ಹೊರಬಂದಾಗ, ಸುರಂಗಗಳ ಉದ್ದದ ಅಂತರವನ್ನು ಒಪ್ಪಿದ ಎಳೆಯರೇ ವೇಗವು ಸಮವೆಂದರು. ಸುರಂಗಗಳನ್ನು ತೆಗೆದು, ಒಂದು ಬೊಂಬೆ ಇನ್ನೊಂದನ್ನು ಹಿಂದಿಕ್ಕುವುದು ಕಣ್ಣಿಗೆ ಬಿದ್ದೊಡನೆ ಸರಿಯಾಗಿ ಹೇಳಿದರು. ಹಿಂದಿಕ್ಕುವಿಕೆಯಿಂದ ವೇಗವೂ, ವೇಗಗಳ ಹೊಂದಾಣಿಕೆಯಿಂದ ಕಾಲವೂ ರೂಪುಗೊಳ್ಳುತ್ತವೆಂಬುದು ಪಿಯಾಜೆಯವರ ನಿರ್ಣಯ.

ಆದುದರಿಂದ ದೂರವನ್ನು ಕಾಲದಿಂದ ಭಾಗಿಸುವ ಸೂತ್ರವನ್ನು ಕಲಿಸುವ ಉಪಾಧ್ಯಾಯರು, ಅದಕ್ಕೆ ಮುನ್ನ ಯಾವ ಬಸ್ಸು ಯಾವುದನ್ನು ಹಿಂದಿಕ್ಕಿತೆಂದು ಮಕ್ಕಳನ್ನು ಕೇಳುವುದು ಲೇಸು.