ಮೂಗಿನ ಗೂಡುಗಳಲ್ಲಿ ಬೂಷ್ಟಿನ ಬೇನೆ

ಒಣಗದ ಕಡಲೆಕಾಯಿಯನ್ನು ರಾಶಿ ಹಾಕಿದರೆ ಹಳದಿ ಬೆರೆತ ಹಸಿರು ಬಣ್ಣದ ಬೂಷ್ಟು ಕಟ್ಟುವುದನ್ನು ರೈತರೆಲ್ಲರೂ ಬಲ್ಲರು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಈ ಶಿಲೀಂಧ್ರವು ಬೀಜವನ್ನು ವಿಷಮಯವಾಗಿಸುವುದೆಂಬುದೂ ಹೊಸ ಸಂಗತಿಯಲ್ಲ. ಆದರೆ ಇದೇ ಬೂಷ್ಟು ಮನುಷ್ಯನ ಮೂಗಿನ ಸುತ್ತಣ ಎಲುಬುಗೂಡುಗಳಲ್ಲಿ ನೆಲೆಸಿ ಬೇನೆಯನ್ನುಂಟುಮಾಡಬಲ್ಲುದೆಂಬುದನ್ನು ಅರಿತವರು ಕಡಮೆ.

ವೈದ್ಯರು ಸೈನಸ್ ಎಂದು ಕರೆಯುವ ಈ ಗೂಡುಗಳು ನಾಲ್ಕು ಜೊತೆ. ಒಕ್ಕಣೆಯ ಧೂಳು, ಮುಗ್ಗಿದ ಹುಲ್ಲು, ತಿಪ್ಪೆ ಇವುಗಳಿಂದ ಏಳುವ ಬೀಜಕಣಗಳು ಉಸಿರಿನೊಡನೆ ಒಳಸೇರುವುವು. ಆರೋಗ್ಯವಂತರ ಮೂಗಿನಲ್ಲಿಯೂ ಇವು ಇದ್ದೇ ಇರುವುವು. ಆದುದರಿಂದ ಸಿಂಬಳದಲ್ಲಿ ಬೂಷ್ಟು ಕಂಡಮಾತ್ರಕ್ಕೆ ರೋಗವೆಂದು ಬಗೆದು ಔಷಧ ನುಂಗುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಬೂಷ್ಟು ಅಂಗಾಂಶದೊಳಕ್ಕೆ ಇಳಿದಿದೆಯೇ ಇಲ್ಲವೇ ಎಂಬುದೇ ಮುಖ್ಯವಾದ ಪ್ರಶ್ನೆ.

ಕೆಲವರಲ್ಲಿ ಅದು ಗೂಡಿನೊಳಗೆ ಉಂಡೆಗಟ್ಟಿ ಸುಮ್ಮನಿರುವುದು. ಶಸ್ತ್ರಕ್ರಿಯೆಯಿಂದ ಆ ಉಂಡೆಯನ್ನು ತೆಗೆದರೆ ಸಾಮಾನ್ಯವಾಗಿ ಬೇರೆ ಮದ್ದು ಬೇಕಿಲ್ಲ. ಕೆಲವರಿಗೆ ಒಗ್ಗದಿಕೆಯಿಂದ ಮೂಗಿನಲ್ಲಿ ದುರ್ಮಾಂಸ ಬೆಳೆದು, ಗೋಂದಿನಂತಹ ಸಿಂಬಳ ಕೂಡುವುದು. ಆಸ್ಪರ್ಜಿಲಸ್ ಫ್ಲೇವಸ್ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಎಲುಬನ್ನು ಸವೆಸಿ ಕಣ್ಣುಗುಡ್ಡೆಯನ್ನು ಹೊರದೂಡುವ ಬಗೆಯೊಂದುಂಟು. ಇದು ಭಾರತ, ಸೂಡಾನ್ ಮೊದಲಾದ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು.

ಅತ್ಯಂತ ಭಯಂಕರವಾದುದು ಮ್ಯೂಕರ್ ಜಾತಿಯ ಬೇನೆ. 2021ರಲ್ಲಿ ಕೋವಿಡ್ ಪಿಡುಗಿನ ಬೆನ್ನಿಗೇ ಸಕ್ಕರೆ ಕಾಯಿಲೆಯವರನ್ನೂ ಸ್ಟಿರಾಯ್ಡ್ ಔಷಧ ಪಡೆದವರನ್ನೂ ಇದು ವಿಶೇಷವಾಗಿ ಬಾಧಿಸಿತು. ಜನರು ಕರಿ ಶಿಲೀಂಧ್ರವೆಂದರೂ ಕಪ್ಪಾಗುವುದು ಬೂಷ್ಟಲ್ಲ, ರಕ್ತಸಂಚಾರ ನಿಂತು ಸತ್ತ ಮಾಂಸ. ಸಕ್ಕರೆ ಕಾಯಿಲೆಯವರಿಗೆ ಒಂದೇ ಮಗ್ಗುಲಿನ ಮುಖನೋವು, ಕೆನ್ನೆಯ ಜೋಮು, ಕಣ್ಣಿನ ಬಾವು, ಒಂದು ವಸ್ತು ಎರಡಾಗಿ ಕಾಣುವಿಕೆ ಅಥವಾ ಅಂಗುಳಿನಲ್ಲಿ ಕಪ್ಪು ಕಲೆ ತೋರಿದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಇಲ್ಲಿ ದಿನಗಳಲ್ಲ, ಗಂಟೆಗಳು ಲೆಕ್ಕಕ್ಕೆ ಬರುವುವು.

ವೈದ್ಯರು ದುರ್ಬೀನಿನಿಂದ ಮೂಗಿನೊಳಗನ್ನು ನೋಡಿ, ಸಿ.ಟಿ. ಚಿತ್ರದಿಂದ ಎಲುಬಿನ ಸವೆತವನ್ನೂ ಎಂ.ಆರ್.ಐ. ಚಿತ್ರದಿಂದ ಕಣ್ಣು ಮಿದುಳುಗಳ ಕಡೆಗೆ ಹರಡಿರುವುದನ್ನೂ ತಿಳಿಯುವರು. ಆದರೂ ನಿರ್ಣಯವನ್ನು ಕೊಡುವುದು ಅಂಗಾಂಶದ ತುಣುಕೇ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂದೇ ಸುಳಿವು ದೊರೆಯುವುದು. ಆಸ್ಪರ್ಜಿಲಸ್ಸಿನ ಎಳೆಗಳು ಸಣ್ಣವು; ಕಬ್ಬಿನ ಗೆಣ್ಣುಗಳಂತೆ ಅಡ್ಡಗೋಡೆಗಳುಳ್ಳವು; ಓರೆಯಾಗಿ ಕವಲೊಡೆಯುವುವು. ಮ್ಯೂಕರಿನವು ಅಗಲವಾದ ಪಟ್ಟಿಯಂತಿದ್ದು, ಅಡ್ಡಗೋಡೆಗಳು ವಿರಳ; ಕವಲುಗಳು ಬಹುಮಟ್ಟಿಗೆ ಲಂಬಕೋನದವು. ಈ ಭೇದವು ಕೇವಲ ಪಂಡಿತರ ಕುತೂಹಲಕ್ಕಲ್ಲ: ಆಸ್ಪರ್ಜಿಲಸ್ಸಿಗೆ ನಾಟುವ ವೊರಿಕೊನಜೋಲ್ ಮ್ಯೂಕರಿಗೆ ನಾಟದು, ಅದಕ್ಕೆ ಆಂಫೊಟೆರಿಸಿನ್ ಬಿ ಬೇಕು, ಸತ್ತ ಮಾಂಸವನ್ನು ಕೊಯ್ದು ತೆಗೆಯಲೂ ಬೇಕು.

ತುಣುಕಿನ ಸೀಸೆಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ ಎಷ್ಟೋ ವೇಳೆ ರೋಗಿಯ ಬಂಧುಗಳ ಪಾಲಿಗೆ ಬರುವುದುಂಟು. ಫಾರ್ಮಲಿನ್ನಿನಲ್ಲಿ ಅದ್ದಿದ ತುಣುಕಿನಲ್ಲಿ ಬೂಷ್ಟು ಮತ್ತೆ ಬೆಳೆಯದು. ಆದುದರಿಂದ ಬೆಳೆಸಿ ನೋಡುವ ಪರೀಕ್ಷೆಗೆ ಇನ್ನೊಂದು ಸೀಸೆಯಲ್ಲಿ ಬರಿಯ ಸಲೈನಿನಲ್ಲಿಟ್ಟ ತುಣುಕು ಬೇಕು. ಎರಡು ಸೀಸೆಗಳೂ ಇವೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳುವುದು ಲೇಸು.