ಮಹಡಿಯ ನೆಲದಲ್ಲಿ ಅಡಗಿರುವ ಘನನಿಯಮ

ಮಹಡಿಯ ಕೋಣೆಯಲ್ಲಿ ನಡೆಯುವಾಗ ನೆಲವು ಕಾಲ ಕೆಳಗೆ ತುಸು ತಗ್ಗಿದಂತಾದರೆ ಅದನ್ನು ಅಲಕ್ಷಿಸಬಹುದೆ? ಬ್ರಿಟನ್ನಿನ ಅನೇಕ ಮನೆಗಳಲ್ಲಿ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಅಲ್ಲಿ ಮಹಡಿಯ ನೆಲವೆಂದರೆ ಸಾಲಾಗಿ ಕೂರಿಸಿದ ಮರದ ಜಂತೆಗಳ ಮೇಲೆ ಹಾಸಿದ ಚಿಪ್‌ಬೋರ್ಡ್ ಹಲಗೆಗಳು. ಅವುಗಳ ಕೆಳಗಿರುವುದು ಕೆಳಮನೆಯ ತೆಳುವಾದ ಒಳಮಾಳಿಗೆಯಷ್ಟೆ.

ಮರದ ಸಣ್ಣ ಚಕ್ಕೆಗಳಿಗೆ ರಾಳದ ಅಂಟನ್ನು ಬೆರೆಸಿ, ಕಾಯಿಸಿ, ಬಲವಾಗಿ ಅದುಮಿದರೆ ಚಿಪ್‌ಬೋರ್ಡ್ ಸಿದ್ಧವಾಗುತ್ತದೆ. ಸ್ನಾನದ ಕೋಣೆಯ ಕೊಳವೆ ಸೋರಿ ಅದು ನೆನೆಯಿತೆನ್ನೋಣ. ಅದುಮಿದ ಚಕ್ಕೆಗಳು ನೀರು ಕುಡಿದು ಉಬ್ಬುತ್ತವೆ; ಅಂಟಿನ ಬಂಧಗಳು ಹರಿಯುತ್ತವೆ. ಒಣಗಿದ ಮೇಲೂ ಹಲಗೆಯು ಮೊದಲಿನ ಬಲಕ್ಕೆ ಮರಳದು. ಆದುದರಿಂದ ಅದನ್ನು ತೆಗೆದು ಹೊಸದನ್ನು ಹಾಕುವುದೊಂದೇ ಮಾರ್ಗ.

ಈ ಕೆಲಸದ ಮರ್ಮವನ್ನು ಒಂದು ಅಳತೆಪಟ್ಟಿಯಿಂದ ತಿಳಿಯಬಹುದು. ಎರಡು ಪುಸ್ತಕಗಳನ್ನು 10 ಸೆಂಟಿಮೀಟರು ದೂರದಲ್ಲಿಟ್ಟು, ಪಟ್ಟಿಯನ್ನು ಅವುಗಳ ಮೇಲೆ ಅಡ್ಡಲಾಗಿರಿಸಿ, ನಡುವೆ ಭಾರವನ್ನು ತೂಗಹಾಕೋಣ. ಬಳಿಕ ದೂರವನ್ನು 20 ಸೆಂಟಿಮೀಟರಿಗೆ ಏರಿಸೋಣ. ಬಾಗು ಇಮ್ಮಡಿಯಾಗುವುದಿಲ್ಲ, ಸುಮಾರು ಎಂಟು ಮಡಿಯಾಗುತ್ತದೆ! ಬಾಗು ಆಧಾರಗಳ ನಡುವಣ ದೂರದ ಘನಕ್ಕೆ ಅನುಪಾತದಲ್ಲಿಯೂ, ದಪ್ಪದ ಘನಕ್ಕೆ ವಿಲೋಮಾನುಪಾತದಲ್ಲಿಯೂ ಇರುವುದೇ ಇದಕ್ಕೆ ಕಾರಣ. 18 ಮಿಲಿಮೀಟರು ದಪ್ಪದ ಹಲಗೆಗೆ ಜಂತೆಗಳ ಅಂತರ 450 ಮಿಲಿಮೀಟರನ್ನು ಮೀರಕೂಡದು. 600 ಮಿಲಿಮೀಟರು ಅಂತರವಿದ್ದರೆ 22 ಮಿಲಿಮೀಟರು ದಪ್ಪ ಬೇಕು. ದಪ್ಪದಲ್ಲಿ ಹೆಚ್ಚಿದ್ದು ನಾಲ್ಕೇ ಮಿಲಿಮೀಟರಾದರೂ ಬಿಗಿತವು 1.8 ಪಟ್ಟಾಗುತ್ತದೆ.

ಇನ್ನು ದುರಸ್ತಿಯ ವಿಷಯ. ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಹಲಗೆಯ ಕೆಳಗೆ ವಿದ್ಯುತ್ತಂತಿ, ನೀರಿನ ಕೊಳವೆಗಳು ಹಾದುಹೋಗಿರುವ ಸಂಭವವುಂಟು. ಆದುದರಿಂದ ವಿದ್ಯುತ್ತನ್ನು ಕಡಿದು, ಗರಗಸದ ಹಲ್ಲು ಹಲಗೆಯ ದಪ್ಪವನ್ನು ಮೀರಿ ಇಳಿಯದಂತೆ ಹೊಂದಿಸಬೇಕು. ಮೊಳೆಗಳ ಸಾಲು ಜಂತೆಯ ಸ್ಥಾನವನ್ನು ತೋರಿಸುತ್ತದೆ. ಆ ಜಂತೆಯ ನಡುಗೆರೆಯ ಮೇಲೆಯೇ ಕತ್ತರಿಸಿದರೆ ಹಳೆಯ ಹಲಗೆಗೂ ಹೊಸದಕ್ಕೂ ಅರ್ಧರ್ಧ ಆಸರೆ ದೊರೆಯುತ್ತದೆ.

ಆತುರದಲ್ಲಿ ಎರಡು ಜಂತೆಗಳ ನಡುವೆ ಕತ್ತರಿಸಿದರೇನು? ಎರಡೂ ತುದಿಗಳಲ್ಲಿ ಆಧಾರವಿರುವ ಹಲಗೆಯ ನಡುವೆ ಭಾರವಿಟ್ಟಾಗ ಬಾಗು ಒಂದು ಪಾಲಾದರೆ, ಅಷ್ಟೇ ಉದ್ದದ ಹಲಗೆಯನ್ನು ಒಂದೇ ತುದಿಯಲ್ಲಿ ಬಿಗಿದು ಇನ್ನೊಂದು ತುದಿಯಲ್ಲಿ ಅದೇ ಭಾರವಿಟ್ಟಾಗ ಅದು 16 ಪಾಲು! ಹಲಗೆಗಳನ್ನು ಪರಸ್ಪರ ಹಿಡಿದಿಡುವ ಅಂಚಿನ ನಾಲಿಗೆಯೂ ಕತ್ತರಿಸಿದಲ್ಲಿ ಇಲ್ಲವಾಗಿರುತ್ತದೆ. ಅಂತಹ ಅಂಚಿನ ಮೇಲೆ ಮಂಚದ ಕಾಲೋ ಮಗುವಿನ ಕಾಲೋ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಬಿಡಿಯಾಗುವ ಪ್ರತಿಯೊಂದು ಅಂಚಿನ ಕೆಳಗೂ ಜಂತೆಗಳ ನಡುವೆ ಅಡ್ಡತುಂಡುಗಳನ್ನು ಬಿಗಿಯಬೇಕು. ಆಮೇಲೆ ಅದೇ ದಪ್ಪದ ಹೊಸ ಹಲಗೆಗೆ ಅಂಟು ಹಚ್ಚಿ ತಿರುಪುಮೊಳೆಗಳಿಂದ ಕೂರಿಸಬೇಕು. ಗೋಡೆಯ ಬದಿಯಲ್ಲಿ ಹಿಗ್ಗಲು 10 ಮಿಲಿಮೀಟರು ತೆರಪಿರಲಿ.

ನೆಲವು ನಮ್ಮನ್ನು ಹೊರುವುದು ಹಲಗೆಯೊಂದರ ಬಲದಿಂದಲೇ ಅಲ್ಲ. ಅದಕ್ಕೆ ಎಲ್ಲೆಲ್ಲಿ ಆಧಾರವಿದೆ ಎಂಬುದರಿಂದ. ಇದನ್ನರಿತವನು ಗರಗಸ ಹಿಡಿಯುವ ಮೊದಲು ಜಂತೆಯನ್ನು ಹುಡುಕುತ್ತಾನೆ.